ನೇತ್ರಾಣಿ ಫೋಟೋಗೆ ಯಾವ ಲೆಕ್ಕ ಸರಿ: ಡಾರ್ಕ್ ಚಾನೆಲ್, ಕ್ಲಾಹೆ, ಫ್ಯೂಷನ್

ನೀರೊಳಗಿನ ಫೋಟೋದ ಮಬ್ಬು, ಹಸಿರು ತೆಗೆಯೋಕೆ ಹಲವು ಲೆಕ್ಕಗಳಿವೆ. ಮೊದ್ಲೇ ಹೇಳಿಬಿಡ್ತೇನೆ, ನನ್ನ ವೋಟು ಫ್ಯೂಷನ್‌ಗೆ, ಅಂದ್ರೆ ಒಂದೇ ಫೋಟೋವನ್ನ ಎರಡು ಥರ ತಿದ್ದಿ ಬೆರೆಸೋದಕ್ಕೆ. ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ತಂದ ಫೋಟೋಗಳಿಗೆ ಈಗ ಅದನ್ನೇ ಹಾಕೂದು. ಅದಕ್ಕೂ ಮೊದಲು ದುಡ್ಡು ಕೊಟ್ಟು ಒಂದು ಎಡಿಟಿಂಗ್ ಆ್ಯಪ್ ತಗೊಂಡಿದ್ದೆ, ನಮ್ಮ ಹಸಿರು ನೀರನ್ನ ಅದು ನೇರಳೆ ಮಾಡಿ ಕೊಡ್ತಿತ್ತು, ಹಂಗಾಗಿ ಅದನ್ನ ಬಿಟ್ಟು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಫೋಟೋ ಕೆಲಸದ ಓಪನ್‌ಸಿವಿ ಲೈಬ್ರರಿ ಹಿಡಿದೆ, ಎರಡೂ ಫ್ರೀ.

ನೀರು ಕೆಂಪು ಬೆಳಕನ್ನ ಮೊದಲು ನುಂಗ್ತದೆ, ಕೆಲವೇ ಮೀಟರ್ ಇಳಿದ್ರೆ ಕೆಂಪು ಹೆಚ್ಚುಕಮ್ಮಿ ಖಾಲಿ. ಅದರ ಮೇಲೆ ತೇಲೋ ಕಣಗಳು ಬೆಳಕು ಚದುರಿಸಿ ಮಬ್ಬು ಮಾಡ್ತವೆ.

ಗ್ರೇ ವರ್ಲ್ಡ್ ಅಂದ್ರೆ ಇಡೀ ಫೋಟೋದ ಸರಾಸರಿ ಬಣ್ಣ ಬೂದಿ ಅಂತ ಹಿಡಿದು ಬಣ್ಣ ಸರಿ ಮಾಡೂದು. ಅದೊಂದನ್ನೇ ಹಾಕಿದ್ರೆ ಖಾಲಿ ಇರೋ ಕೆಂಪನ್ನೇ ಎಳೆದು ಎಳೆದು ಕೆಂಪು ಕಲೆ ಬರಿಸ್ತದೆ. ಫೋಟೋವನ್ನ ತುಂಡು ತುಂಡಾಗಿ ನೋಡಿ ಕಾಂಟ್ರಾಸ್ಟ್ ಏರಿಸೋ ಕ್ಲಾಹೆ (CLAHE) ಆ ಕೆಲಸಕ್ಕೆ ಚಲೋ, ಆದ್ರೆ ನೀರಲ್ಲಿರೋ ಒಂದೊಂದು ಕಣವೂ ಬಿಳಿ ಚುಕ್ಕೆಯಾಗಿ ಎದ್ದು ಬರ್ತದೆ, ಬಣ್ಣದ ತಂಟೆಗಂತೂ ಹೋಗೂದೇ ಇಲ್ಲ.

ನನ್ನ ತಲೆ ತಿಂದಿದ್ದು ಡಾರ್ಕ್ ಚಾನೆಲ್. 2009ರಲ್ಲಿ ಕೈಮಿಂಗ್ ಹೆ ಮತ್ತು ಜೊತೆಯವರು ನೆಲದ ಮೇಲಿನ ಮಂಜಿನ ಫೋಟೋಗಳಿಗಾಗಿ ಮಾಡಿದ್ದು. ಮಂಜಿಲ್ಲದ ಫೋಟೋದಲ್ಲಿ ಆಕಾಶ ಬಿಟ್ಟು ಹೆಚ್ಚುಕಮ್ಮಿ ಯಾವ ಸಣ್ಣ ತುಂಡು ತಗೊಂಡ್ರೂ ಕೆಂಪು, ಹಸಿರು, ನೀಲಿಯಲ್ಲಿ ಒಂದಾದರೂ ಎಲ್ಲೋ ಸೊನ್ನೆ ಹತ್ರ ಇರ್ತದೆ, ಇಲ್ಲ ಅಂದ್ರೆ ಅಲ್ಲಿ ಮಂಜಿದೆ ಅಂತ ಲೆಕ್ಕ. ಪ್ರತಿ ತುಂಡಿನ ಆ ಅತಿ ಕಮ್ಮಿ ಬೆಲೆಗಳ ಚಿತ್ರವೇ ಡಾರ್ಕ್ ಚಾನೆಲ್. ನೀರೊಳಗೆ ಕೆಂಪು ಯಾವಾಗ್ಲೂ ಸೊನ್ನೆ ಹತ್ರವೇ, ಹಂಗಾಗಿ ಕೋಡಿಗೆ ಮಬ್ಬೇ ಕಾಣೂದಿಲ್ಲ, ಫೋಟೋ ಹೋದ ಹಂಗೇ ವಾಪಸ್ ಬರ್ತದೆ.

ಕೆಂಪು ಬಿಟ್ಟು ಹಸಿರು, ನೀಲಿ ಎರಡರಲ್ಲೇ ಲೆಕ್ಕ ಹಾಕೋ ಬಗೆ 2013ರಲ್ಲಿ ಬಂತು, ಅದೂ ಹಾಕಿದೆ. ಮಬ್ಬು ಹೋಯ್ತು, ಆದ್ರೆ ಅದು ನೀರಿನ ಬಣ್ಣ ಯಾವುದು ಅಂತ ತಿಳ್ಕೊಳ್ಳೋಕೆ ಡಾರ್ಕ್ ಚಾನೆಲ್‌ನಲ್ಲಿ ಅತಿ ಬೆಳಕಿರೋ ಪಿಕ್ಸೆಲ್‌ಗಳನ್ನ ಹುಡುಕ್ತದೆ. ನಮ್ಮ ಫೋಟೋದಲ್ಲಿ ಅಲ್ಲಿ ಯಾರಿರ್ತಾರೆ? ಮುಂದೆ ಹೋಗ್ತಿರೋ ಡೈವರ್ ಬಿಟ್ಟ ಗುಳ್ಳೆ! ಗುಳ್ಳೆಯ ಬಿಳಿಯನ್ನೇ ನೀರಿನ ಬಣ್ಣ ಅಂದ್ಕೊಂಡ ಮೇಲೆ ಮುಗೀತು, ಹಸಿರು ಹಂಗೇ ಉಳೀತದೆ. ಒಂದರ ಹಿಂದೆ ಒಂದು ತೆಗೆದ ಎರಡು ಫೋಟೋ, ಗುಳ್ಳೆ ಇಲ್ಲದ್ದು ತಿಳಿ, ಇದ್ದದ್ದು ಪಾಚಿಗಟ್ಟಿದ ಬಾವಿ ನೀರಿನ ಹಂಗೆ. ಅಂಚು ಉಳಿಸಿ ನಯ ಮಾಡೋ ಗೈಡೆಡ್ ಫಿಲ್ಟರ್ ಹಾಕಿದ್ರೆ ಅಂಚು ನೀಟಾಗ್ತದೆ ಹೌದು, ಗುಳ್ಳೆ ಸಮಸ್ಯೆ ಹೋಗೂದಿಲ್ಲ. ಗುಳ್ಳೆ ಇರೋ ಜಾಗ ಪ್ರತಿ ಫೋಟೋದಲ್ಲೂ ಕೈಯಾರೆ ಗುರುತು ಹಾಕಿ ಬಿಡಿಸ್ಬೇಕು, ಅಷ್ಟು ಪುರಸೊತ್ತು ಯಾರಿಗುಂಟು ಮಾರಾಯ್ರೆ?

ಫ್ಯೂಷನ್‌ನಲ್ಲಿ ಈ ಊಹೆಯೇ ಬೇಡ, ಅದಕ್ಕೇ ನನಗೆ ಇಷ್ಟ. ಅಂಕುಟಿ ಮತ್ತವರ ತಂಡ 2012ರಲ್ಲಿ ಮಾಡಿ 2018ರಲ್ಲಿ ತಿದ್ದಿದ್ದು. ಕೆಂಪು ಕಮ್ಮಿ ಇರೋ ಕಡೆ ಹಸಿರಿನ ಒಂದು ಪಾಲು ಸೇರಿಸ್ತದೆ, ಆಮೇಲೆ ಗ್ರೇ ವರ್ಲ್ಡ್, ಹಂಗಾಗಿ ಕಲೆ ಬರೂದಿಲ್ಲ. ಅದನ್ನ ಎರಡು ಪ್ರತಿ ಮಾಡಿ ಒಂದಕ್ಕೆ ಗಾಮಾ (ಬೆಳಕು-ಕತ್ತಲೆ ತಿದ್ದೂದು), ಇನ್ನೊಂದಕ್ಕೆ ಶಾರ್ಪ್, ಎಲ್ಲಿ ಯಾವುದು ಚಲೋ ಇದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಪಿರಮಿಡ್ ಮಟ್ಟಗಳಲ್ಲಿ, ಅಂದ್ರೆ ಫೋಟೋದ ದೊಡ್ಡ-ಸಣ್ಣ ಅಳತೆಗಳಲ್ಲಿ ಬೇರೆ ಬೇರೆಯಾಗಿ, ಬೆರೆಸ್ತದೆ. ದೂರದ ಬಂಡೆ ಸ್ವಲ್ಪ ಮಬ್ಬಾಗೇ ಉಳೀತದೆ, ಅಷ್ಟೇ ಕೊರತೆ.

2019ರ ಸೀ-ಥ್ರೂ ಅನ್ನೋ ಬಗೆ ಇನ್ನೂ ಮೇಲು, ಆದ್ರೆ ಅದಕ್ಕೆ ಪ್ರತಿ ಪಿಕ್ಸೆಲ್‌ನ ದೂರವೂ ರಾ ಫೈಲೂ (ಕ್ಯಾಮೆರಾ ತಿದ್ದದ ಮೂಲ ಫೈಲು) ಬೇಕು, ನನ್ನ ಕ್ಯಾಮೆರಾ ಬರೇ ಜೆಪೆಗ್ ಕೊಡೂದು. ಫೋಟೋಗಳನ್ನ ನೋಡಿ ತಾನೇ ಕಲಿಯೋ ಡೀಪ್ ಲರ್ನಿಂಗ್‌ಗೆ ಜಿಪಿಯು (ಗ್ರಾಫಿಕ್ಸ್ ಚಿಪ್) ತಗೊಳ್ಳೋ ದುಡ್ಡಿದ್ರೆ ನಾನು ಇನ್ನೊಂದು ಸಲ ಮುರ್ಡೇಶ್ವರದಿಂದ ಬೋಟ್ ಹತ್ತಿ ಡೈವಿಗೇ ಹೋಗ್ತೇನೆ.