ಕಾರ್ಡ್ ಸಾಲ ತೀರಿಸಲು ಒಡವೆ ಅಡವಿಟ್ಟೆವು: ಸರ್ಕಾರಿ ಬ್ಯಾಂಕಿನ ಚಿನ್ನದ ಸಾಲ ಹೇಗಿತ್ತು

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಾವಿರುವುದು ತುಮಕೂರಿನಲ್ಲಿ. ಮನೆಯಲ್ಲಿ ಐದು ಜನ: ನಾನು, ಯಜಮಾನರು, ಅತ್ತೆ, ಮೂರು ವರ್ಷದ ಮಗಳು, ಆಗ ಐದು ತಿಂಗಳ ಮಗ. ಯಜಮಾನರಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ 27,500. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್‌ನಲ್ಲಿ ಐದು ಸಾವಿರದವರೆಗೂ ಸಿಗುತ್ತದೆ, ಆಷಾಢದಲ್ಲಿ ಒಂದೂವರೆ ಸಾವಿರ ಸಿಕ್ಕರೂ ಹೆಚ್ಚು.

ಸಾಲ ಶುರುವಾಗಿದ್ದು ಎರಡನೇ ಹೆರಿಗೆಯಲ್ಲಿ. ಸಿಸೇರಿಯನ್ ಆಯಿತು, ಮಗುವಿಗೆ ಕಾಮಾಲೆ ಅಂತ ಮೂರು ದಿನ ಲೈಟ್ ಕೆಳಗೆ ಇಟ್ಟರು, ಆ ಬಿಲ್ಲನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದೆವು. ಆಮೇಲೆ ಓವರ್‌ಟೈಮ್ ನಿಂತಾಗ ಮನೆ ಖರ್ಚಿಗೆ ಅಂತ ಮೊಬೈಲ್ ಆ್ಯಪ್ ಒಂದರಲ್ಲಿ ಸಾಲ ತೆಗೆದೆವು. 2024ರ ಮೇ ಹೊತ್ತಿಗೆ ಕಾರ್ಡ್ ಬಾಕಿ 90,000, ಆ್ಯಪ್ ಸಾಲ 38,000, ದಿನಸಿ ಅಂಗಡಿಯ ಲೆಕ್ಕ 6,400.

ಕಾರ್ಡ್‌ಗೆ ತಿಂಗಳಿಗೆ 4,500 ಕಟ್ಟುತ್ತಿದ್ದೆವು, ಅದೇ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬರುತ್ತದಲ್ಲ, ಅದು. ಸಾಲ ಇಳಿಯುತ್ತಿದೆ ಅಂತಲೇ ಅಂದುಕೊಂಡಿದ್ದೆ. ಒಂದು ರಾತ್ರಿ ಮಗು ಮಲಗಿದ ಮೇಲೆ ಬಿಲ್ ಇಟ್ಟುಕೊಂಡು ಕೂತು ಲೆಕ್ಕ ಹಾಕಿದೆ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 3,150. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅದು 567. ಎರಡೂ ಸೇರಿ 3,717. ಕಟ್ಟಿದ 4,500ರಲ್ಲಿ ಅಸಲಿಗೆ ಹೋಗಿದ್ದು ಬರೀ 783 ರೂಪಾಯಿ! ಇನ್ನೂ ಒಂದು ವಿಷಯ ಇದೆ. ಹೀಗೆ ಬಾಕಿ ಉಳಿಸಿಕೊಂಡರೆ ಹೊಸದಾಗಿ ಏನು ಕೊಂಡರೂ ಬಡ್ಡಿಯಿಲ್ಲದ ಆ ನಲವತ್ತು-ಐವತ್ತು ದಿನ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಹಾಲಿನ ಪುಡಿ ಡಬ್ಬಿಗೂ ನಾವು ಬಡ್ಡಿ ಕಟ್ಟುತ್ತಿದ್ದೆವು.

ಒಡವೆ ಇಡೋಣ ಅಂತ ಮೊದಲು ಹೇಳಿದ್ದು ನಾನೇ. ಯಜಮಾನರು ಎರಡು ದಿನ ಮಾತಾಡಲಿಲ್ಲ. ಅತ್ತೆಯೇ, "ಬೀರುವಲ್ಲಿ ಇದ್ದು ಏನು ಮಾಡುತ್ತೆ, ಮಾರೋದಲ್ಲ ತಾನೆ, ಇಟ್ಟು ಬಿಡಿಸ್ಕೊಳ್ಳಿ" ಅಂದರು.

ಮೊದಲು ಒಂದು ಖಾಸಗಿ ಫೈನಾನ್ಸ್‌ನಲ್ಲಿ ವಿಚಾರಿಸಿದೆವು. ಗ್ರಾಂಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ, ಅರ್ಧ ಗಂಟೆಯಲ್ಲಿ ದುಡ್ಡು ಅಂದರು. ಬಡ್ಡಿ ಕೇಳಿದರೆ ಬೋರ್ಡಿನ ಮೇಲಿದ್ದ ಕಡಿಮೆ ದರವನ್ನೇ ತೋರಿಸಿದರು. ಅದು ತಿಂಗಳು ತಿಂಗಳು ತಪ್ಪದೆ ಬಡ್ಡಿ ಕಟ್ಟಿದವರಿಗೆ ಮಾತ್ರ, ತಪ್ಪಿದರೆ ಶೇ 20 ದಾಟುತ್ತದೆ ಅನ್ನುವುದು ಚೀಟಿ ಓದಿದಾಗ ಗೊತ್ತಾಯಿತು. ಅಲ್ಲಿಂದ ಎದ್ದು ಬಂದೆವು. ಬಿ.ಎಚ್. ರಸ್ತೆಯ ಸರ್ಕಾರಿ ಬ್ಯಾಂಕಿನಲ್ಲಿ ವರ್ಷಕ್ಕೆ ಶೇ 9 ಅಂದರು. ಅಲ್ಲೇ ನಿರ್ಧಾರ ಆಯಿತು.

ಬ್ಯಾಂಕಿನ ಅಪ್ರೈಸರ್, ಅಂದರೆ ಒಡವೆ ಪರೀಕ್ಷಿಸಿ ಬೆಲೆ ಕಟ್ಟುವವರು, ವಯಸ್ಸಾದವರು. ಸರ, ಎರಡು ಬಳೆ, ಒಂದು ಜೊತೆ ಜುಮಕಿ ಕೊಟ್ಟೆ. ಒಂದೊಂದನ್ನೂ ಒರೆಗಲ್ಲಿನ ಮೇಲೆ ಉಜ್ಜಿದರು, ಆ ಹಳದಿ ಗೆರೆಯ ಮೇಲೆ ಹನಿ ಆಸಿಡ್ ಹಾಕಿ ಬೆಳಕಿಗೆ ಹಿಡಿದು ನೋಡಿದರು. ಎಲ್ಲವೂ ನನ್ನ ಕಣ್ಣೆದುರಿಗೇ. "ನೋಡಮ್ಮ, ಈ ಪದಕದ ಕಲ್ಲು, ಜುಮಕಿಯೊಳಗಿನ ಅರಗು, ಇದರ ತೂಕ ಕಳೀತೀನಿ" ಅಂತ ಬಾಯಿಬಿಟ್ಟು ಹೇಳಿದರು. ಒಟ್ಟು ತೂಕ 32.4 ಗ್ರಾಂ, ಕಳೆದು ಉಳಿದದ್ದು 30.1. ಆವತ್ತು ಬ್ಯಾಂಕ್ ಗ್ರಾಂಗೆ ಕೊಡುತ್ತಿದ್ದ ಸಾಲ 4,700. ಪೇಟೆ ಬೆಲೆ 6,600ರ ಆಸುಪಾಸಿತ್ತು, ಆದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಆಗ ಬೆಲೆಯ ಶೇ 75ಕ್ಕಿಂತ ಜಾಸ್ತಿ ಸಾಲ ಕೊಡುವ ಹಾಗಿರಲಿಲ್ಲ. ಸಾಲ 1,40,000 ಮಂಜೂರಾಯಿತು. ಖರ್ಚು ಅಂತ 800 ಹಿಡಿದುಕೊಂಡರು. ಮಧ್ಯಾಹ್ನದೊಳಗೆ ದುಡ್ಡು ಖಾತೆಗೆ ಬಂತು.

ಅದೇ ಸಂಜೆ ಕಾರ್ಡ್ ಪೂರ್ತಿ ಕಟ್ಟಿದೆವು. ಆ್ಯಪ್ ಸಾಲವನ್ನೂ ಮುಗಿಸಿ, ಬಾಕಿ ಇಲ್ಲ ಅಂತ ಪತ್ರ ತರಿಸಿಕೊಂಡೆವು. ಅಂಗಡಿ ಲೆಕ್ಕ ಚುಕ್ತಾ. ಉಳಿದ 4,800 ಮಗುವಿನ ಇಂಜೆಕ್ಷನ್, ಜ್ವರ ಅಂತ ಬೇರೆ ಇಟ್ಟೆ. ಕಾರ್ಡನ್ನೂ ಕ್ಲೋಸ್ ಮಾಡಿಸಿದೆವು. ಇದನ್ನು ದಯವಿಟ್ಟು ಯಾರೂ ಬಿಡಬೇಡಿ. ಒಡವೆ ಇಟ್ಟು ಕಾರ್ಡ್ ತೀರಿಸಿ, ಮತ್ತೆ ಅದೇ ಕಾರ್ಡ್ ಉಜ್ಜಲು ಶುರು ಮಾಡಿದರೆ ಎರಡು ಸಾಲ ಆಗುತ್ತದೆ, ಒಡವೆಯೂ ಇರುವುದಿಲ್ಲ.

ಬ್ಯಾಂಕಿನವರು ತಾವಾಗಿ ಹೇಳದ ಒಂದು ಮಾತಿದೆ. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟಿ ಅಂತ ಅಷ್ಟೇ ಹೇಳುತ್ತಾರೆ. ತುಂಬಾ ಜನ ಹಾಗೇ ಬಿಟ್ಟು, ವರ್ಷ ಆದಾಗ ಬಡ್ಡಿ ಮಾತ್ರ ಕಟ್ಟಿ ಮತ್ತೆ ತಿರುಗಿಸಿ ಇಡುತ್ತಾರೆ, ಒಡವೆ ಮನೆಗೆ ಬರುವುದೇ ಇಲ್ಲ. ನಾನು ಮೇಡಂ ಹತ್ತಿರ ಕೇಳಿದೆ, ಮಧ್ಯದಲ್ಲಿ ಸ್ವಲ್ಪ ಸ್ವಲ್ಪ ಕಟ್ಟಬಹುದಾ? ಧಾರಾಳವಾಗಿ ಕಟ್ಟಿ, ದಂಡ ಏನಿಲ್ಲ ಅಂದರು. ಕಟ್ಟಿದಷ್ಟೂ ಉಳಿದ ಅಸಲಿಗೆ ಮಾತ್ರ ಬಡ್ಡಿ.

ಹಾಗಾಗಿ ಮೊದಲು ಕಾರ್ಡ್‌ಗೆ ಕಟ್ಟುತ್ತಿದ್ದ 4,500, ಆ್ಯಪ್‌ಗೆ ಕಟ್ಟುತ್ತಿದ್ದ 5,200, ಎರಡೂ ಸೇರಿಸಿ 9,700 ರೂಪಾಯಿಯನ್ನು ಸಂಬಳ ಬಂದ ದಿನವೇ ಚಿನ್ನದ ಸಾಲಕ್ಕೆ ಹಾಕಿದೆವು. ಅತ್ತೆ ತಮ್ಮ ಗೃಹಲಕ್ಷ್ಮಿಯ 2,000 ಕೂಡ ಅದಕ್ಕೇ ಕೊಟ್ಟರು. ಕೇಳಿರಲೂ ಇಲ್ಲ ನಾನು.

ಮನೆ ಖರ್ಚು ಬಿಗಿಯಾಗಿತ್ತು. ಬಾಡಿಗೆ 7,000 ಹೋದರೆ ಉಳಿಯುತ್ತಿದ್ದದ್ದು 10,800 ಮತ್ತು ನನ್ನ ಹೊಲಿಗೆ ದುಡ್ಡು. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇರಲಿಲ್ಲ, ಅದು ದೊಡ್ಡ ಆಸರೆ. ಡೈಪರ್ ರಾತ್ರಿಗೆ ಮಾತ್ರ ಇಟ್ಟುಕೊಂಡು ಹಗಲು ಹಳೇ ಕಾಟನ್ ಸೀರೆಯ ಬಟ್ಟೆ ಕಟ್ಟಿದೆ, 1,600 ಇದ್ದದ್ದು 600ಕ್ಕೆ ಇಳಿಯಿತು. ಅತ್ತೆ ಒಗೆದು ಒಗೆದು ಕೈ ಸವೆಸಿಕೊಂಡರು, ಅದನ್ನು ಮರೆಯುವುದಿಲ್ಲ. ಮಗಳನ್ನು ಎಲ್‌ಕೆಜಿಗೆ ಹಾಕುವ ಆಸೆ ಒಂದು ವರ್ಷ ಮುಂದೆ ಹಾಕಿ ಅಂಗನವಾಡಿಗೇ ಕಳಿಸಿದೆವು. ಅವಳಂತೂ ಖುಷಿಯಾಗಿದ್ದಳು. 2025ರ ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ತರುವ ನಮಗೆ ತಿಂಗಳಿಗೆ 180. ಬೇರೆಯವರಿಗೆ ಇದು ಲೆಕ್ಕಕ್ಕೇ ಬರಲ್ಲ, ನನ್ನ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಇದೆ. ಅದಕ್ಕೆ ಕಾಫಿ ಒಂದು ಹೊತ್ತಿಗೆ ಇಳಿಯಿತು, ಮಕ್ಕಳ ಹಾಲು ಮುಟ್ಟಲಿಲ್ಲ.

2024ರ ಜೂನ್‌ನಲ್ಲಿ ಇಟ್ಟದ್ದು, 2025ರ ಜೂನ್‌ನಲ್ಲಿ ಬಿಡಿಸಿಕೊಂಡೆವು. ಕೊನೆಯ ಕಂತಿಗೆ ಸುಮಾರು 18,500 ಬೇಕಾಯಿತು, ಮೇ ತಿಂಗಳ ಮದುವೆ ಬ್ಲೌಸ್‌ಗಳ ದುಡ್ಡು ಅಲ್ಲಿಗೇ ಹೋಯಿತು. ಇಡೀ ವರ್ಷಕ್ಕೆ ಕಟ್ಟಿದ ಬಡ್ಡಿ 7,200 ಚಿಲ್ಲರೆ. ಕಾರ್ಡ್‌ನ ಎರಡು ತಿಂಗಳ ಬಡ್ಡಿ, ಜಿಎಸ್‌ಟಿ ಸೇರಿದರೇ ಇದಕ್ಕಿಂತ ಜಾಸ್ತಿ ಇತ್ತು, ಮೇಲೆ ನೋಡಿ. ಮಾರಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತಲೂ ಯೋಚಿಸಿದೆ. ಚಿನ್ನ ಅಷ್ಟರಲ್ಲಿ ಗ್ರಾಂಗೆ 9,000ದ ಹತ್ತಿರ ಹೋಗಿತ್ತು, ಅಷ್ಟು ತೂಕ ನಮ್ಮ ಕೈಯಲ್ಲಿ ಮತ್ತೆ ಕೊಳ್ಳಲು ಆಗುತ್ತಲೇ ಇರಲಿಲ್ಲ. ಆದರೆ ಬೆಲೆ ಏರುತ್ತದೆ ಅಂತ ನಂಬಿಕೊಂಡು ಯಾರೂ ಇಡಬೇಡಿ. ಬಿದ್ದರೆ ಬ್ಯಾಂಕ್ ಮಧ್ಯದಲ್ಲೇ ಸ್ವಲ್ಪ ಕಟ್ಟಿ ಅಂತ ಕೇಳಬಹುದು, ಕಟ್ಟಲಾಗದೇ ಹೋದರೆ ಹರಾಜು. ತಿಂಗಳು ತಿಂಗಳು ಕಟ್ಟುವಷ್ಟು ಬರುವ ಹಣ ಇದ್ದವರಿಗೆ ಮಾತ್ರ ಇದು ಸರಿ.

ಈಗ ಆ ಒಂದು ಸ್ಟಾರ್. ಪೂರ್ತಿ ಕಟ್ಟಿದ ದಿನ ಒಡವೆ ಸಿಗಲಿಲ್ಲ. ಲಾಕರ್‌ಗೆ ಎರಡು ಕೀಲಿ, ಒಬ್ಬರು ರಜೆ, ನಾಳೆ ಬನ್ನಿ ಅಂದರು. ಮಾರನೇ ದಿನವೂ ಅದೇ. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಮೂರು ಸಲ ಓಡಾಡಿದೆ. ಆ ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ದುಡ್ಡೂ ಕಟ್ಟಿಯಾಗಿದೆ, ಒಡವೆಯೂ ಕೈಯಲ್ಲಿಲ್ಲ ಅಂದರೆ ಹೇಗಿರುತ್ತೆ ಹೇಳಿ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊಸ ನಿಯಮ ತಂದಿದೆ, ಜಾರಿಗೆ ದಿನ 2026ರ ಏಪ್ರಿಲ್ 1. ಸಾಲ ತೀರಿದ ದಿನವೇ, ಹೆಚ್ಚೆಂದರೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 85ರವರೆಗೂ ಕೊಡಬಹುದು ಅಂತಲೂ ಅದರಲ್ಲಿದೆ. ಕೊಡುತ್ತಾರೆ ಅಂತ ಅಷ್ಟೂ ತೆಗೆದುಕೊಳ್ಳಬೇಡಿ, ತೀರಿಸಬೇಕಾದ ಸಾಲ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲಿಸಿ.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಅಪ್ರೈಸರ್ ಊಟಕ್ಕೆ ಎದ್ದರೆ ಮೂರು ಗಂಟೆವರೆಗೆ ಕಾಯಬೇಕು. ಆಧಾರ್, ಪ್ಯಾನ್, ಎರಡು ಫೋಟೊ ಸಾಕು. ಇಡುವ ಮೊದಲು ಒಡವೆಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವಾಗ ಕವರಿನ ಸೀಲ್ ನೋಡಿ, ಅಲ್ಲೇ ತೂಕ ಹಾಕಿಸಿ, ಆಮೇಲೆ ಸಹಿ ಮಾಡಿ.