ಚುನಾವಣಾ ತಕರಾರು ಅರ್ಜಿ: ಧಾರವಾಡ, ಗದಗ, ಹಾವೇರಿ ಮತದಾರರಿಗೆ ಈ ಸೇವೆ ಎಷ್ಟು ದಕ್ಕುತ್ತದೆ?

ಫಲಿತಾಂಶವನ್ನು ಪ್ರಶ್ನಿಸುವ ಹಕ್ಕು ಅಭ್ಯರ್ಥಿಗಳಿಗಷ್ಟೇ ಅಲ್ಲ, ಆ ಕ್ಷೇತ್ರದ ಯಾವುದೇ ಮತದಾರನಿಗೂ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆಯಾದರೆ ಹೈಕೋರ್ಟ್, ಗ್ರಾಮ ಪಂಚಾಯಿತಿಯಾದರೆ ಆ ವ್ಯಾಪ್ತಿಯ ಸಿವಿಲ್ ಕೋರ್ಟ್. ಹೈಕೋರ್ಟಿನಲ್ಲಿ ಕಟ್ಟಬೇಕಾದ ಠೇವಣಿ 2,000 ರೂಪಾಯಿ. ವಕೀಲರ ಫೀ ಬೇರೆ ಇದ್ದರೂ ಠೇವಣಿಯ ಮಟ್ಟಿಗೆ ಇದು ರೈತನಿಗೂ ಎಟಕುವ ಸೇವೆ. ಅದನ್ನು ಮೆಚ್ಚಲೇಬೇಕು.

ಕಷ್ಟ ಶುರುವಾಗುವುದು ಅರ್ಜಿ ಸಲ್ಲಿಸುವಾಗ. ಫಲಿತಾಂಶ ಘೋಷಣೆಯಿಂದ ಗಡುವು 45 ದಿನ (ಗ್ರಾಮ ಪಂಚಾಯಿತಿಗೆ 30). ಹೈಕೋರ್ಟಿನಲ್ಲಿ ಒಂದು ದಿನ ತಡವಾದರೂ ಮನ್ನಾ ಇಲ್ಲ. ಎದುರುದಾರರು ಎಷ್ಟು ಮಂದಿಯೋ ಅಷ್ಟು ಪ್ರತಿ ಬೇಕು. ಪ್ರತಿಯೊಂದರ ಮೇಲೂ 'ನಿಜ ಪ್ರತಿ' ಎಂದು ಅರ್ಜಿದಾರರೇ ದೃಢೀಕರಿಸಿ ಸಹಿ ಹಾಕಬೇಕು, ವಕೀಲರ ಸಹಿ ಸಾಲದು. ಗೆದ್ದವರ ಆಯ್ಕೆ ರದ್ದಾದರೆ ಸಾಕೆಂದು ಕೇಳುವವರು ಗೆದ್ದವರನ್ನು ಎದುರುದಾರರನ್ನಾಗಿಸಿದರೆ ಆಯಿತು. 'ನನ್ನನ್ನೇ ಗೆದ್ದವನೆಂದು ಸಾರಿ' ಎಂದೂ ಕೇಳಿದರೆ ಕಣದಲ್ಲಿದ್ದ ಉಳಿದ ಎಲ್ಲರನ್ನೂ ಸೇರಿಸಬೇಕು. ಯಾವುದೇ ಅಭ್ಯರ್ಥಿಯ ಮೇಲೆ ಭ್ರಷ್ಟ ಆಚರಣೆಯ (ಮತಕ್ಕೆ ಲಂಚ ಕೊಡುವಂಥದ್ದು) ಆರೋಪ ಹೊರಿಸಿದ್ದರೆ ಅವರೂ ಬರಬೇಕು. ಇಲ್ಲಿ ಒಂದು ಹೆಸರು ಬಿಟ್ಟುಹೋದರೂ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 86ನೇ ಕಲಮಿನಡಿ ಅರ್ಜಿ ವಿಚಾರಣೆಗೆ ಮುನ್ನವೇ ಬೀಳುತ್ತದೆ.

'ದುಡ್ಡು ಹಂಚಿದರು' ಎಂಬ ಒಂದು ಸಾಲು ನಿಲ್ಲುವುದಿಲ್ಲ. ಯಾರು, ಯಾರಿಗೆ, ಎಲ್ಲಿ, ಯಾವ ದಿನ ಕೊಟ್ಟರು ಎಂದು ಬರೆದು, ನಮೂನೆ 25ರಲ್ಲಿ ಪ್ರಮಾಣಪತ್ರ ಲಗತ್ತಿಸಬೇಕು. ಮತಗಟ್ಟೆಯ ಏಜೆಂಟರಿಗೆ ಕೊಟ್ಟ ನಮೂನೆ 17ಸಿ (ಆ ಮತಗಟ್ಟೆಯಲ್ಲಿ ಚಲಾವಣೆಯಾದ ಮತಗಳ ಲೆಕ್ಕ) ಪ್ರತಿಗಳನ್ನು ಮೊದಲ ದಿನವೇ ಒಟ್ಟುಮಾಡಿ. ತಕರಾರು ಅರ್ಜಿ ಬಾರದಿದ್ದರೆ 45 ದಿನದ ನಂತರ ವಿಡಿಯೊ ದಾಖಲೆ ಅಳಿಸಬಹುದೆಂದು ಚುನಾವಣಾ ಆಯೋಗ 2025ರಲ್ಲಿ ಸೂಚಿಸಿದೆ. ಹಾಗಾಗಿ ಕೊನೇ ವಾರಕ್ಕೆ ಕಾಯುವುದು ಅಪಾಯ.

ಅರ್ಜಿದಾರನ ಮೇಲೆ ಇಷ್ಟು ಬಿಗಿ ಇರುವ ಕಾಯ್ದೆ, ವಿಚಾರಣೆಯ ಮೇಲೆ ಸಡಿಲ. ಆರು ತಿಂಗಳಲ್ಲಿ ಮುಗಿಸಲು 'ಪ್ರಯತ್ನಿಸಬೇಕು' ಎಂದಷ್ಟೇ ಹೇಳುತ್ತದೆ. ತುಮಕೂರು ಗ್ರಾಮಾಂತರದ 2018ರ ಆಯ್ಕೆಯನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರ ಮಾರ್ಚ್ 30ರಂದು, ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟವಾದ ಮಾರನೇ ದಿನ. ನ್ಯಾಯ ಸಿಕ್ಕಿತು, ಆದರೆ ಐದು ವರ್ಷದ ಶಾಸಕ ನಿಧಿ, ರಸ್ತೆ, ಶಾಲಾ ಕೊಠಡಿಯ ತೀರ್ಮಾನಗಳೆಲ್ಲ ಆಗಿಹೋಗಿದ್ದವು. ಕೀನ್ಯಾದಲ್ಲಿ ಅಧ್ಯಕ್ಷೀಯ ಚುನಾವಣೆಯ ತಕರಾರನ್ನು ಸುಪ್ರೀಂ ಕೋರ್ಟ್ 14 ದಿನದಲ್ಲಿ ತೀರ್ಮಾನಿಸಬೇಕೆಂದು ಸಂವಿಧಾನವೇ ಕಟ್ಟಿಹಾಕಿದೆ. 2017ರಲ್ಲಿ ಆ ಗಡುವಿನೊಳಗೇ ಫಲಿತಾಂಶ ರದ್ದಾಗಿ ಮರುಚುನಾವಣೆ ನಡೆಯಿತು. ಆ ಬಿಗಿಯ ಒಂದಂಶವಾದರೂ ನಮ್ಮಲ್ಲಿ ಬೇಕು.

ಇಷ್ಟಾದರೂ ಅಭಿವೃದ್ಧಿಗೆ ದೊಡ್ಡ ಪೆಟ್ಟು ಕೊಡುವುದು ಈ ಅರ್ಜಿಗಳಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಗೆದ್ದವರು ಕುರ್ಚಿಯಲ್ಲಿರುತ್ತಾರೆ, ಕಡತ ಓಡುತ್ತದೆ. ಇಡೀ ಸಂಸ್ಥೆಯನ್ನೇ ನಿಲ್ಲಿಸುವುದು ಚುನಾವಣೆಗೆ ಮುಂಚಿನ ವಾರ್ಡ್ ವಿಂಗಡಣೆ, ಮೀಸಲಾತಿ ವ್ಯಾಜ್ಯ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಹಿಂದಿನ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು. ಇಂಥ ವ್ಯಾಜ್ಯಗಳ ಜೊತೆಗೆ ಕೋವಿಡ್ ಕೂಡ ಸೇರಿ, 82 ವಾರ್ಡ್‌ಗಳ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ. ಮೇಯರ್ ಬಂದದ್ದು 2022ರ ಮೇ ತಿಂಗಳಲ್ಲಿ. ಅಲ್ಲಿವರೆಗೆ ಸ್ಥಾಯಿ ಸಮಿತಿಯಿಲ್ಲ, ಬಜೆಟ್ಟಿನ ಮೇಲೆ ಚರ್ಚೆಯಿಲ್ಲ. ಗಟಾರ ತುಂಬಿ ಹರಿದರೆ, ನೀರಿನ ಪಾಳಿ ತಪ್ಪಿದರೆ ಓಣಿಯವರು ಹಿಡಿದು ಕೇಳಲು ಕಾರ್ಪೊರೇಟರೇ ಇರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿಯೂ 2021ರಲ್ಲಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನಕ್ಕೆ (ಸ್ಥಳೀಯ ಸಂಸ್ಥೆಗಳಿಗೆ ಬರುವ ಕೇಂದ್ರದ ಹಣ) ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿತ್ತು. ಇಂಥ ಷರತ್ತಿದ್ದಾಗ ಕೋರ್ಟಿನ ಒಂದೊಂದು ಮುಂದಿನ ತಾರೀಖಿನ ಬೆಲೆಯನ್ನು ಶಿಗ್ಗಾವಿಯ ಕುಡಿಯುವ ನೀರಿನ ಕಾಮಗಾರಿ, ರೋಣದ ಅಂಗನವಾಡಿ ದುರಸ್ತಿಯಂಥ ಕೆಲಸಗಳು ತೆರಬೇಕಾಗುತ್ತದೆ.

ಆದ್ದರಿಂದ ಮೀಸಲಾತಿಯ ಕರಡು ಅಧಿಸೂಚನೆ ಹೊರಬಿದ್ದ ದಿನವೇ ಜನಸಂಖ್ಯೆಯ ಅಂಕಿ, ಹಿಂದಿನ ಮೀಸಲಾತಿ ಪಟ್ಟಿ ಎರಡನ್ನೂ ತಾಳೆ ನೋಡಿ. ತಪ್ಪು ಕಂಡರೆ ಅದರಲ್ಲೇ ನಮೂದಿಸಿದ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ.