ಫೀಡ್‌ಬ್ಯಾಕ್ ಫಾರಂ, ಒಂದು ನಿಮಿಷದ ಚೀಟಿ, ಎರಡು ಸಲದ ಪರೀಕ್ಷೆ: ಮೂರನ್ನೂ ಮಾಡಿ ನೋಡಿದೆ

ಡಿಗ್ರಿ ಹುಡುಗರಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅವರು ನಿಜವಾಗಿ ಕಲಿಯುತ್ತಿದ್ದಾರಾ, ನಾನು ಪಾಠ ಜೋಡಿಸಿದ ರೀತಿ ಸರಿಯಾ ಎಂದು ತಿಳಿಯಲು ಮೂರು ದಾರಿ ಹಿಡಿದೆ.

ಫಾರಂ ಎಲ್ಲರಿಗೂ ಗೊತ್ತಿರುವುದೇ. ಸೆಮಿಸ್ಟರ್ ಕೊನೆಗೆ 5ಕ್ಕೆ ಎಷ್ಟು ಎಂದು ಕೇಳುತ್ತದೆ. ನನಗೆ 4.5 ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಏನನ್ನು ಬದಲಿಸಬೇಕು ಎಂಬುದು ಗೊತ್ತಾಗಲಿಲ್ಲ. ಗೊತ್ತಾದರೂ ಆ ಬ್ಯಾಚ್ ಆಗಲೇ ಹೋಗಿರುತ್ತದೆ, ಅಲ್ವಾ?

ಚೀಟಿ ಹಾಗಲ್ಲ. ತರಗತಿಯ ಕೊನೆಯಲ್ಲಿ ಎರಡೇ ಪ್ರಶ್ನೆ: ಇವತ್ತು ಮುಖ್ಯವಾಗಿ ಏನು ಕಲಿತಿರಿ, ಯಾವುದು ಇನ್ನೂ ತಲೆಗೆ ಹತ್ತಿಲ್ಲ? ಹೆಸರು ಬರೆಯಬೇಕಿಲ್ಲ. ನ್ಯೂಟನ್ನನ ಮೂರನೇ ನಿಯಮ ಮುಗಿಸಿದ ದಿನ ಅರ್ಧಕ್ಕೂ ಹೆಚ್ಚು ಚೀಟಿಗಳಲ್ಲಿ ಒಂದೇ ಗೋಳು: "ಎರಡೂ ಬಲ ಸಮ, ಎದುರುಬದುರು ಅಂದ ಮೇಲೆ ಗಾಡಿ ಚಲಿಸುವುದು ಹೇಗೆ?" ಆ ಎರಡು ಬಲ ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ ಎಂದು ನಾನು ಹೇಳಿದ್ದೆ. ಒಂದೇ ವಾಕ್ಯದಲ್ಲಿ, ಬೋರ್ಡ್ ಒರೆಸುತ್ತಾ. ಮರುದಿನ ಅದಕ್ಕೇ ಹದಿನೈದು ನಿಮಿಷ ಕೊಟ್ಟೆ. ಚೀಟಿಯ ತೊಂದರೆ ಒಂದೇ. ತನಗೆ ಅರ್ಥವಾಗಿಲ್ಲ ಎಂಬುದೇ ಗೊತ್ತಿಲ್ಲದವನು "ಎಲ್ಲಾ ಅರ್ಥವಾಯ್ತು" ಎಂದು ಬರೆದುಬಿಡುತ್ತಾನೆ.

ಅಂಥವನನ್ನು ಹಿಡಿಯುವುದು ಎರಡು ಸಲದ ಪರೀಕ್ಷೆ. ಸೆಮಿಸ್ಟರ್ ಶುರುವಿಗೊಮ್ಮೆ, ಕೊನೆಗೊಮ್ಮೆ, ಅದೇ ಪ್ರಶ್ನೆಗಳು. ನಾನು ಬಳಸಿದ್ದು 1992ರಲ್ಲಿ ಬಂದ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ, ಅಂದರೆ ಬಲ, ಚಲನೆಗಳ ಬಗ್ಗೆ ಸರಿ ಉತ್ತರ ಆರಿಸುವ ಪ್ರಶ್ನೆಪತ್ರಿಕೆ. ಅದರ ತಪ್ಪು ಆಯ್ಕೆಗಳು ಸುಮ್ನೆ ಹಾಕಿದವಲ್ಲ, ವಿದ್ಯಾರ್ಥಿಗಳ ತಲೆಯಲ್ಲಿರುವ ತಪ್ಪು ಕಲ್ಪನೆಗಳೇ. ಲೆಕ್ಕವೂ ಸುಲಭ: ಗಳಿಸಬಹುದಾಗಿದ್ದ ಅಂಕಗಳಲ್ಲಿ ಎಷ್ಟು ಪಾಲು ಗಳಿಸಿದರು? ನನ್ನ ತರಗತಿಯ ಸರಾಸರಿ 100ಕ್ಕೆ 40ರಿಂದ 55ಕ್ಕೆ ಏರಿತು. ಉಳಿದಿದ್ದ 60ರಲ್ಲಿ 15, ಅಂದರೆ 0.25. ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳೇ ಚರ್ಚಿಸಿ ಬಿಡಿಸುವ ತರಗತಿಗಳದ್ದು 0.48 ಇತ್ತು. 4.5 ಪಡೆದ ನಾನು ಎಲ್ಲಿ ನಿಂತಿದ್ದೆ ನೋಡಿ! ಆದರೆ ಎಲ್ಲಿ ಎಡವಿದೆ ಎಂದು ಈ ಅಂಕಿ ಹೇಳುವುದಿಲ್ಲ. ಅದಕ್ಕೆ ಚೀಟಿಯೇ ಬೇಕು. ಇನ್ನೊಂದು ಮಾತು: ಇದಕ್ಕೆ ಇಂಟರ್ನಲ್ ಅಂಕ ಇಡಬೇಡಿ, ಉತ್ತರ ಹಂಚಬೇಡಿ. ಬಾಯಿಪಾಠ ಶುರುವಾಗುತ್ತದೆ.

ಈಗ ಚೀಟಿ, ಪರೀಕ್ಷೆ ಎರಡನ್ನೂ ಉಳಿಸಿಕೊಂಡಿದ್ದೇನೆ. ಫಾರಂ ಆಫೀಸಿನವರು ಕೇಳುತ್ತಾರೆಂದು ಮಾತ್ರ. ಚರ್ಚೆ ಜಾಸ್ತಿ ಮಾಡಿಸಿದ ಸೆಮಿಸ್ಟರ್‌ನಲ್ಲಿ ಗಳಿಕೆ 0.4ಕ್ಕೆ ಏರಿತು, ಫಾರಂನ ಅಂಕ 3.9ಕ್ಕೆ ಇಳಿಯಿತು. ಒಬ್ಬರು ಬರೆದಿದ್ದರು: "ಸರ್ ಪಾಠ ಮಾಡುವುದಿಲ್ಲ, ಎಲ್ಲ ನಮ್ಮಿಂದಲೇ ಮಾಡಿಸುತ್ತಾರೆ."